ಕಿವಿರಿನ ಮ್ಯಾಲೆ ಬಿಳಿ ಬೂಷ್ಟು: ಆ ಔಷಧ ಹಾಕಬ್ಯಾಡ್ರಿ

ಆಕ್ಸೊಲಾಟ್ಲ್ (ನೀರಾಗ ಇರೋ ಸಲಮಾಂಡರ್ ಜಾತಿ ಪ್ರಾಣಿ) ಕಿವಿರಿಗೆ ಹತ್ತಿ ಅಂಟಿದಂಗ ಆಗೇತಿ, ಅಂಗಡಿಯವ್ರು ಕೊಟ್ಟ ಮ್ಯಾಲಕೈಟ್ ಗ್ರೀನ್ ಹಾಕ್ಲೇನು, ಇದು ಹುಳಾನೋ ಏನೋ ಅಂತ ಕೇಳೀರಿ. ದಯವಿಟ್ಟು ಹಾಕಬ್ಯಾಡ್ರಿ. ಅದು ಮೀನಿನ ಔಷಧ. ಆಕ್ಸೊಲಾಟ್ಲಿನ ತೆಳು ಚರ್ಮ ನೀರಾಗಿದ್ದದ್ದನ್ನ ಹೀರಿಕೊಳ್ತೈತಿ. ತಾಮ್ರ ಇರೋ ಔಷಧಾನೂ ಬ್ಯಾಡ.

ಹತ್ತಿಯಂಗ ಇದ್ರ ಬಹುತೇಕ ಬೂಷ್ಟೇ. ಬ್ಯಾರೆ ಟಬ್ಬಿನ್ಯಾಗ ಇಟ್ಟು, ಕ್ಲೋರಿನ್ ತೆಗೆದ ತಣ್ಣನ್ನ ನೀರು ದಿನಾ ಪೂರ್ತಿ ಬದಲಿಸ್ರಿ. ಇನ್ನೊಂದು ಪಾತ್ರ್ಯಾಗ ಲೀಟರಿಗೆ 2 ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಅದರಾಗ ಪ್ರಾಣಿನ 10 ನಿಮಿಷ ಬಿಡ್ರಿ, ದಿನಕ್ಕೆರಡು ಸಲ. 15 ನಿಮಿಷ ದಾಟಿದ್ರ ಕಿವಿರೇ ಸುಡ್ತೈತಿ, ಗಡಿಯಾರ ನೋಡಕೋತ ಅಲ್ಲೇ ಕುಂದರ್ರಿ. ಬೂಷ್ಟಿನ ಎಳಿ ಉದುರಾಕ ಹತ್ತಿದ್ರ ಗುಣ ಆಗಾಕತ್ತೇತಿ ಅಂತ; ಚಿಮಟಿಗಿಲೆ ಕೀಳಬ್ಯಾಡ್ರಿ.

ಇದಕ್ಕ ದೊಡ್ಡ ಕಾರಣ ನೀರಿನ ಶಾಖ. ಆಕ್ಸೊಲಾಟ್ಲಿಗೆ 16–18 ಡಿಗ್ರಿ ಬೇಕು, ನಮ್ಮ ಹುಬ್ಬಳ್ಳಿ ಬ್ಯಾಸಗಿ ನಿಮಗ ಗೊತ್ತೇ ಐತಿ. ಚಿಲ್ಲರ್ (ನೀರು ತಣ್ಣಗ ಇಡೋ ಯಂತ್ರ) ಇಲ್ಲದ ಈ ಪ್ರಾಣಿ ಸಾಕೂದು ಸರಿಯಲ್ಲ ಅನ್ನೂದು ನನ್ನ ಖಡಕ್ ಅಭಿಪ್ರಾಯ. ಸದ್ಯಕ್ಕ ಬರ್ಫದ ಬಾಟ್ಲಿ ತೇಲಬಿಡ್ರಿ.

ಹತ್ತಿ ಅಲ್ಲದ, ದಾರದ ತುದಿ ಚರ್ಮದಾಗ ನಟ್ಟಂಗ ಕಂಡ್ರ ಮಾತ್ರ ಹುಳದ ಅನುಮಾನ. ಅದು ಹೆಚ್ಚಾಗಿ ಆಹಾರದ ಮೀನಿನಿಂದ ಬರ್ತೈತಿ. ಆ ಮೀನಿನ ಬದಲಿಗೆ ಎರೆಹುಳ ಕೊಡ್ರಿ, ಪಶುವೈದ್ಯರಿಗೆ ತೋರಿಸ್ರಿ.