ಸಿನಿಮಾದ ಸುನಾಮಿ ನಿಜಕ್ಕೂ ಹಾಗಿರುತ್ತಾ?

ಸಿನಿಮಾಗಳಲ್ಲಿ ತೋರಿಸುವ ಹಾಗೆ ಸುನಾಮಿ ಗೋಡೆಯಂತೆ ಎದ್ದು ನಿಂತು ಬರುತ್ತಾ, ನಿಜಕ್ಕೆ ಹತ್ತಿರವಾದ ಸಿನಿಮಾ ಯಾವುದು ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. 2012ರಲ್ಲಿ ಬಂದ 'ದಿ ಇಂಪಾಸಿಬಲ್' ನೋಡಿ. ('2012' ಅನ್ನುವ ಸಿನಿಮಾ ಅಲ್ಲ, ಅದು 2009ರದ್ದು. ಅದರಲ್ಲಿ ಸಮುದ್ರ ಹಿಮಾಲಯಕ್ಕೇ ನುಗ್ಗುತ್ತದೆ. ಪಾಪ್‌ಕಾರ್ನ್ ಜೊತೆಗೆ ಅಡ್ಡಿಯಿಲ್ಲ.)

'ದಿ ಇಂಪಾಸಿಬಲ್' 2004ರ ಡಿಸೆಂಬರ್ 26ರ ಸುನಾಮಿಯ ಕಥೆ. ಸ್ಪೇನಿನ ಮರಿಯಾ ಬೆಲೋನ್, ಅವರ ಗಂಡ, ಮೂವರು ಗಂಡುಮಕ್ಕಳು ರಜೆಗೆಂದು ಥಾಯ್ಲೆಂಡಿನ ಖಾವೊ ಲಾಕ್‌ಗೆ ಹೋಗಿದ್ದರು. ಐವರೂ ಬದುಕಿ ಬಂದರು. ಸಿನಿಮಾದಲ್ಲಿ ಅವರನ್ನು ಬ್ರಿಟಿಷರನ್ನಾಗಿ ಮಾಡಿದ್ದಾರೆ, ಅಲ್ಲಿನ ಥಾಯ್ ಜನ ಹಿಂದೆಲ್ಲೋ ಉಳಿದುಬಿಡುತ್ತಾರೆ. ಇದು ನನಗೆ ಹಿಡಿಸಲಿಲ್ಲ. ಆದರೆ ನೀರನ್ನು ಮಾತ್ರ ಚೆನ್ನಾಗಿ ತೋರಿಸಿದ್ದಾರೆ. ಅಲೆ ಒಮ್ಮೆ ಬಡಿದು ಮುಗಿಯುವುದಿಲ್ಲ. ಕೆಸರು, ದಿಮ್ಮಿ, ಕಾರು, ಗಾಜಿನ ಚೂರು ಎಲ್ಲವನ್ನೂ ಕಲಸಿಕೊಂಡು ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಮುಳುಗುವುದಷ್ಟೇ ಅಲ್ಲ, ಮಿಕ್ಸಿಗೆ ಬಿದ್ದ ಹಾಗೆ.

ನಿಜ ಸುನಾಮಿ ಇರುವುದೇ ಹೀಗೆ. ಮಾಮೂಲಿ ಅಲೆ ಗಾಳಿಯಿಂದ ಏಳುತ್ತದೆ, ಕೆಲವು ಸೆಕೆಂಡಿಗೆ ಬಂದು ಹೋಗುತ್ತದೆ. ಅವತ್ತು ಸುಮಾತ್ರಾ ಬಳಿ 9.1 ತೀವ್ರತೆಯ ಭೂಕಂಪಕ್ಕೆ ಸಮುದ್ರದ ತಳವೇ ಸುಮಾರು 1,300 ಕಿ.ಮೀ. ಉದ್ದಕ್ಕೆ ಬಿರಿದು, ಮೇಲಿನ ನೀರನ್ನು ತಳದಿಂದಲೇ ಎತ್ತಿಬಿಟ್ಟಿತು. ಎರಡು ಗಂಟೆಯ ನಂತರ ಉಪಗ್ರಹವೊಂದು ನಡುಸಮುದ್ರದಲ್ಲಿ ಅಳೆದಾಗ ಅಲೆಯ ಎತ್ತರ ಬರೀ 60 ಸೆಂ.ಮೀ. ಇತ್ತು. ದೋಣಿಯಲ್ಲಿದ್ದವರಿಗೆ ಗೊತ್ತೂ ಆಗದು. ವೇಗ ಮಾತ್ರ ವಿಮಾನದ್ದು! ದಡದ ಹತ್ತಿರ ಆಳ ಕಡಿಮೆ ಆದಂತೆ ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ಅದರ ಬೆನ್ನೇರುತ್ತದೆ. ಖಾವೊ ಲಾಕ್‌ನಲ್ಲಿ ಪೊಲೀಸ್ ಗಸ್ತು ದೋಣಿಯೊಂದು ಕಿಲೋಮೀಟರಿಗೂ ಜಾಸ್ತಿ ಒಳಗೆ ಬಂದು ಬಿದ್ದಿತ್ತು. ಅದನ್ನೀಗ ಸ್ಮಾರಕ ಮಾಡಿದ್ದಾರೆ.

ಅವತ್ತು ಸತ್ತವರು ಎರಡು ಲಕ್ಷಕ್ಕೂ ಹೆಚ್ಚು. ನಾಗಪಟ್ಟಿಣಕ್ಕೆ ನೀರು ಬರಲು ಎರಡು ಗಂಟೆಗೂ ಹೆಚ್ಚು ಸಮಯವಿತ್ತು, ಆದರೆ ಹಿಂದೂ ಮಹಾಸಾಗರಕ್ಕೆ ಆಗ ಮುನ್ಸೂಚನೆ ವ್ಯವಸ್ಥೆಯೇ ಇರಲಿಲ್ಲ.

ನಾನಾಗಿದ್ದರೆ ಸಿನಿಮಾ ಮಾಡುತ್ತಿದ್ದದ್ದು ಇಂಡೋನೇಷ್ಯಾದ ಸಿಮೆಲುವೆ ದ್ವೀಪದ ಮೇಲೆ. ಭೂಕಂಪದ ಜಾಗಕ್ಕೆ ತೀರಾ ಹತ್ತಿರ ಅದು. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಅಂದಿನಿಂದ ಅಜ್ಜ-ಅಜ್ಜಿಯರು ಕಥೆಯಲ್ಲಿ, ಜೋಗುಳದಲ್ಲಿ ಒಂದೇ ಮಾತು ಹೇಳಿಕೊಂಡು ಬಂದರು: ನೆಲ ಜೋರಾಗಿ ನಡುಗಿ, ಸಮುದ್ರ ಹಿಂದಕ್ಕೆ ಸರಿದರೆ ಗುಡ್ಡ ಹತ್ತು. ಸುನಾಮಿಗೆ ಅವರ ಮಾತಿನಲ್ಲಿ 'ಸ್ಮೋಂಗ್' ಅನ್ನುತ್ತಾರೆ. 2004ರಲ್ಲಿ ನೆಲ ನಡುಗಿದ್ದೇ ತಡ, 'ಸ್ಮೋಂಗ್, ಸ್ಮೋಂಗ್' ಅಂತ ಕೂಗಿಕೊಂಡು ಊರಿಗೆ ಊರೇ ಗುಡ್ಡ ಹತ್ತಿತು. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ.

ಆದರೆ ತೆರೆಯ ಮೇಲೆ ಏನು ಕಾಣುತ್ತದೆ ಹೇಳಿ? ಜನ ಗುಡ್ಡದ ಮೇಲೆ ಕೂತಿರುತ್ತಾರೆ, ಕೆಳಗೆ ಖಾಲಿ ಮನೆಗಳು ತೇಲುತ್ತಿರುತ್ತವೆ. ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ!