ಓದುಗರ ಪ್ರಶ್ನೆ, ನಮ್ಮ ಉತ್ತರ: ಸೈಕಲ್ ಮೇಲಿನ ಸೊಬಗು

ಪ್ರಶ್ನೆ: ನಾನು ವಿಜಯಪುರದ ನಿವೃತ್ತ ಶಿಕ್ಷಕ. ನಮ್ಮ ಭಾಗದಲ್ಲಿ ಸೈಕಲ್ ಸ್ಪರ್ಧೆಯ ಒಲವು ಮೊದಲಿನಿಂದಲೂ ಇದೆ. ಬೆಳಗಿನ ಜಾವ ಹೆದ್ದಾರಿಯಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರನ್ನು ದಿನವೂ ನೋಡುತ್ತೇನೆ. ಜುಲೈ ತಿಂಗಳಿನಲ್ಲಿ, ದಿನಕ್ಕೊಂದು ಹಂತದಂತೆ ಸುಮಾರು ಮೂರು ವಾರ ನಡೆಯುವ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನೂ ತಪ್ಪದೆ ನೋಡುತ್ತೇನೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ಸೈಕಲ್ ಮೇಲೆ, ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಒಬ್ಬಿಬ್ಬರು ಮಾತ್ರ ಕಣ್ಣಿಗೆ ಬಹಳ ಅಂದವಾಗಿ ಕಾಣುತ್ತಾರೆ. ಈ ಅಂದ ಬರುವುದು ಮೈಕಟ್ಟಿನಿಂದಲೋ, ಉಡುಪಿನಿಂದಲೋ, ಅಭ್ಯಾಸದಿಂದಲೋ?

ಉತ್ತರ: ನೀವು ಹೆಸರಿಸಿದ ಮೂರಕ್ಕೂ ಇದರಲ್ಲಿ ಪಾಲಿದೆ, ಆದರೆ ಮೂರೂ ಸಮಪಾಲಲ್ಲ. ಮುಂದಿನ ಬಾರಿ ಸ್ಪರ್ಧೆಯನ್ನು ನೋಡುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಸವಾರನನ್ನು ಹತ್ತಿರದಿಂದ ತೋರಿಸುತ್ತಿರುವಾಗ ಪರದೆಯ ಕೆಳಭಾಗಕ್ಕೆ ಒಂದು ಪುಸ್ತಕವನ್ನು ಅಡ್ಡ ಹಿಡಿದು ಅವನ ಕಾಲುಗಳನ್ನು ಮರೆಮಾಡಿ, ಸೊಂಟದಿಂದ ಮೇಲಕ್ಕೆ ಮಾತ್ರ ನೋಡಿ. ಅವನು ಪೆಡಲ್ ತುಳಿಯುತ್ತಿದ್ದಾನೋ ಇಲ್ಲವೋ ಎಂಬುದು ನಿಮಗೆ ತಿಳಿಯದೆ ಹೋದರೆ, ನಿಮ್ಮ ಕಣ್ಣಿಗೆ ಅಂದವಾಗಿ ಕಂಡ ಸವಾರ ಬಹುಮಟ್ಟಿಗೆ ಅವನೇ ಆಗಿರುತ್ತಾನೆ. ಒಳ್ಳೆಯ ವೈಣಿಕರ ಬೆರಳುಗಳು ತಂತಿಗಳ ಮೇಲೆ ಎಷ್ಟೇ ದ್ರುತದಲ್ಲಿ ಓಡಿದರೂ ಅವರ ಭುಜ ಅಲುಗದಿರುವುದನ್ನು ನೀವು ಗಮನಿಸಿರಬಹುದು. ಇಲ್ಲಿಯೂ ನಮ್ಮನ್ನು ಸೆಳೆಯುವುದು ಅಂಥದೇ ಸ್ಥಿರತೆ. ಫ್ರೆಂಚರು ಇದಕ್ಕೆ ‘ಸುಪ್ಲೆಸ್’ ಎನ್ನುತ್ತಾರೆ. ಕಾಲಿನ ಕೀಲುಗಳಿಗೆ ಎಣ್ಣೆ ಹಾಕಿದಂತಹ ನಯ ಎಂದು ಅದನ್ನು ನಾವು ಅರ್ಥಮಾಡಿಕೊಳ್ಳಬಹುದು.

ಈ ನಯದ ಹಿಂದಿರುವ ಕಾರಣ ಸರಳವಾದದ್ದು. ವೃತ್ತಿಪರ ಸವಾರರು ಸಮತಟ್ಟಾದ ರಸ್ತೆಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 90ರ ಆಸುಪಾಸಿನಲ್ಲಿ ಪೆಡಲ್ ಸುತ್ತುತ್ತಾರೆ. ಅದೇ ಲೆಕ್ಕದಲ್ಲಿ ಐದು ಗಂಟೆ ತುಳಿದರೆ ಒಟ್ಟು 27,000 ಸುತ್ತುಗಳಾಗುತ್ತವೆ. ಇಷ್ಟೇ ಶಕ್ತಿಯನ್ನು ನಿಮಿಷಕ್ಕೆ 60 ಸುತ್ತಿನಲ್ಲಿ ಹೊರಡಿಸಬೇಕಾದರೆ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಬಲ ಬೇಕಾಗುತ್ತದೆ. ಆ ಬಲಕ್ಕೆ ಆಧಾರವಾಗಿ ಸವಾರ ಹ್ಯಾಂಡಲನ್ನು ತನ್ನತ್ತ ಎಳೆದುಕೊಳ್ಳುತ್ತಾನೆ, ಎಳೆದಾಗ ಭುಜ ಒಂದು ಕಡೆಗೆ ವಾಲುತ್ತದೆ, ಭುಜ ವಾಲಿದ ಮೇಲೆ ಸೊಂಟವೂ ಸ್ಥಿರವಾಗಿ ನಿಲ್ಲುವುದಿಲ್ಲ. ಅನನುಭವಿಯು ಕೆಳಗಿಳಿಯುವ ಕಾಲಿನ ಮೇಲೆ ಮೈಭಾರವನ್ನೆಲ್ಲ ಹಾಕುತ್ತಾನೆ. ಮೇಲೇರುತ್ತಿರುವ ಇನ್ನೊಂದು ಕಾಲು ಸುಮ್ಮನೆ ಪೆಡಲಿನ ಮೇಲೆ ಕುಳಿತು, ತುಳಿಯುವ ಕಾಲಿಗೇ ಹೊರೆಯಾಗುತ್ತದೆ. ನುರಿತ ಸವಾರ ಆ ಕಾಲಿನಿಂದ ಪೆಡಲನ್ನು ಮೇಲಕ್ಕೆ ಎಳೆಯುತ್ತಾನೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅವನು ಮಾಡುವುದು ಅಷ್ಟನ್ನಲ್ಲ. ಏರುವ ಕಾಲಿನ ಭಾರವನ್ನು ಬಹುಮಟ್ಟಿಗೆ ತಾನೇ ಎತ್ತಿಕೊಳ್ಳುತ್ತಾನೆ, ಅಷ್ಟೇ. ಅದರಿಂದ ತುಳಿತದ ನಡುವಿನ ಜರ್ಕು ಕಡಿಮೆಯಾಗಿ, ಎರಡು ಕಾಲುಗಳ ಕೆಲಸ ಒಂದೇ ಸುತ್ತಾಗಿ ಕಾಣುತ್ತದೆ.

ಎರಡನೆಯದು ಬೆನ್ನು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸವಾರ ಎದುರಿಸುವ ಪ್ರತಿರೋಧದ ಬಹುಪಾಲು ಗಾಳಿಯದು. ಅದರಲ್ಲಿಯೂ ಹೆಚ್ಚಿನ ಪಾಲು ಅವನ ಮೈಯಿಂದ ಆಗುವಂಥದು, ಸೈಕಲಿನಿಂದ ಆಗುವುದು ಕಡಿಮೆ. ಆದ್ದರಿಂದಲೇ ಸೊಂಟದಿಂದ ಬಾಗಿ, ಬೆನ್ನನ್ನು ಉದ್ದಕ್ಕೆ ಚಾಚಿ, ಮೊಣಕೈಗಳನ್ನು ತುಸು ಮಡಿಸಿ ಕುಳಿತವನು ವೇಗವಾಗಿಯೂ ಹೋಗುತ್ತಾನೆ, ನೋಟಕ್ಕೂ ಹಿತವಾಗಿರುತ್ತಾನೆ. ಆದರೆ ಎದೆ ಕುಗ್ಗಿ, ಭುಜಗಳು ಕಿವಿಯವರೆಗೆ ಏರಿ, ಕೈಗಳು ಕೋಲಿನಂತೆ ಸೆಟೆದುಕೊಂಡಿದ್ದರೆ ಬೆನ್ನು ಎಷ್ಟು ಬಾಗಿದ್ದರೂ ಅಂದ ಕೂಡಿಬರುವುದಿಲ್ಲ. ಇಲ್ಲಿ ಮೈಕಟ್ಟಿನ ಮಾತು ಬರುತ್ತದೆ. ಉದ್ದನೆಯ ಕಾಲು, ಮುಖ್ಯವಾಗಿ ಉದ್ದನೆಯ ತೊಡೆಮೂಳೆ ಇದ್ದವರ ತುಳಿತ ನಿಧಾನವಾಗಿ ಹರಿಯುವಂತೆ ತೋರುತ್ತದೆ. ಇಟಲಿಯ ಫೌಸ್ಟೊ ಕೊಪ್ಪಿಯನ್ನು ಅವನ ಅಭಿಮಾನಿಗಳು ‘ಕೊಕ್ಕರೆ’ ಎಂದೇ ಕರೆಯುತ್ತಿದ್ದರು. ತೆಳ್ಳನೆಯ ಉದ್ದ ಕಾಲುಗಳ, ಉಬ್ಬಿದ ಎದೆಗೂಡಿನ ಈ ಮನುಷ್ಯ ನೆಲದ ಮೇಲೆ ನಡೆಯುವಾಗ ತುಸು ಬೆಡಗಿಲ್ಲದವನಂತೆ ಕಂಡರೂ ಸೈಕಲ್ ಏರಿದೊಡನೆ ಬೇರೆಯೇ ಜೀವಿಯಾಗುತ್ತಿದ್ದ. 1949ರ ಇಟಲಿ ಪ್ರವಾಸ (ಜಿರೊ ದಿಟಾಲಿಯಾ) ಸ್ಪರ್ಧೆಯಲ್ಲಿ ಕೂನೆಯೊದಿಂದ ಪಿನೆರೋಲೊವರೆಗಿನ ಹಂತದಲ್ಲಿ ಐದು ಘಟ್ಟಗಳನ್ನು ದಾಟುತ್ತ 192 ಕಿ.ಮೀ. ದೂರವನ್ನು ಅವನು ಒಬ್ಬನೇ ಸವೆಸಿ, ಎರಡನೆಯವನಾಗಿ ಬಂದ ಬಾರ್ತಾಲಿಗಿಂತ 11 ನಿಮಿಷ 52 ಸೆಕೆಂಡು ಮುಂದೆ ಗುರಿ ಮುಟ್ಟಿದ.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಉದಾಹರಣೆ ಸ್ವಿಟ್ಜರ್ಲೆಂಡಿನ ಹ್ಯೂಗೊ ಕೋಬ್ಲೆಟ್. 1950ರಲ್ಲಿ ಇಟಲಿ ಪ್ರವಾಸ ಸ್ಪರ್ಧೆಯನ್ನು ಗೆದ್ದ ಮೊದಲ ಪರದೇಶಿ ಅವನು. ಮರುವರ್ಷ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನೂ ಗೆದ್ದ. ಆ ವರ್ಷ ಬ್ರೀವ್‌ನಿಂದ ಆಜಾನ್‌ವರೆಗಿನ ಹಂತದಲ್ಲಿ ಸುಮಾರು 135 ಕಿ.ಮೀ. ಒಂಟಿಯಾಗಿ ಮುಂದೆ ಹೋದ ಅವನನ್ನು ಹಿಡಿಯಲು ಕೊಪ್ಪಿ, ಬಾರ್ತಾಲಿ, ಬೋಬೆಯಂಥವರು ಸರದಿಯಲ್ಲಿ ಗಾಳಿಗೆ ಎದೆಯೊಡ್ಡಿ ಬೆನ್ನಟ್ಟಿದರೂ ಸಾಧ್ಯವಾಗಲಿಲ್ಲ. ಗುರಿ ಮುಟ್ಟಿದ ಕೋಬ್ಲೆಟ್ ಮುಖ ಒರೆಸಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು ಕೂದಲನ್ನು ಬಾಚಿಕೊಂಡು, ಹಿಂದಿನವರು ಎಷ್ಟು ಹೊತ್ತಿಗೆ ಬರುತ್ತಾರೆಂದು ಗಡಿಯಾರ ಹಿಡಿದು ನೋಡುತ್ತ ನಿಂತ. ಅವರು ಬಂದದ್ದು 2 ನಿಮಿಷ 35 ಸೆಕೆಂಡುಗಳ ನಂತರ. ಜಾಕ್ ಗ್ರೆಲ್ಲೊ ಎಂಬ ಫ್ರೆಂಚ್ ಗಾಯಕ ಅವನಿಗೆ ಕೊಟ್ಟ ‘ಮೋಹಕ ಪೆಡಲುಗಾರ’ ಎಂಬ ಅರ್ಥದ ಬಿರುದು ಇಂದಿಗೂ ಉಳಿದಿದೆ. ಎಲ್ಲರೂ ಬಾಚಣಿಗೆಯ ಕಥೆಯನ್ನು ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಬಾಚಣಿಗೆಗೆ ಮೊದಲಿನ ಮೂರೂವರೆ ಗಂಟೆ. ಅಷ್ಟು ದೊಡ್ಡ ದುಡಿಮೆಯನ್ನು ಮೈಮೇಲೆ ತೋರಗೊಡದೆ ದುಡಿದವನ ಕೈಯಲ್ಲಿದ್ದುದರಿಂದಲೇ ಆ ಬಾಚಣಿಗೆಗೆ ಬೆಲೆ ಬಂತು.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೈಗೆ ಅಂಟಿದ ಅಂಗಿ, ನುಣ್ಣಗೆ ಬೋಳಿಸಿದ ಕಾಲು, ಅಚ್ಚುಕಟ್ಟಾದ ಕಾಲುಚೀಲ ಇವೆಲ್ಲ ತುಳಿತದ ರೇಖೆಯನ್ನು ಸ್ಪಷ್ಟವಾಗಿ ತೋರಿಸುತ್ತವೆ. ಕಾಲುಚೀಲದ ಎತ್ತರಕ್ಕೂ ನಿಯಮವಿದೆ: ಹಿಮ್ಮಡಿಯ ಗಂಟಿನಿಂದ ಮೊಣಕಾಲಿನವರೆಗಿನ ದೂರದ ಅರ್ಧಕ್ಕಿಂತ ಮೇಲೆ ಅದು ಹೋಗುವಂತಿಲ್ಲ. ಕೋಬ್ಲೆಟ್‌ನ ಕಾಲದಲ್ಲಿ ಸವಾರನ ಮುಖ, ಕೂದಲು ಎಲ್ಲವೂ ಜನರಿಗೆ ಕಾಣುತ್ತಿದ್ದವು. 2003ರಿಂದ ವೃತ್ತಿಪರರಿಗೆ ಹೆಲ್ಮೆಟ್ ಕಡ್ಡಾಯವಾಯಿತು, ಕನ್ನಡಕಗಳೂ ದೊಡ್ಡದಾದವು. ಆದ್ದರಿಂದ ಇಂದು ನಾವು ಒಬ್ಬ ಸವಾರನನ್ನು ದೂರದಿಂದಲೇ ಗುರುತಿಸುವುದು ಅವನು ಕುಳಿತ ಭಂಗಿಯಿಂದ ಮತ್ತು ತುಳಿತದ ಲಯದಿಂದ.

ಪ್ರಶ್ನೆ: ಕ್ರಿಸ್ ಫ್ರೂಮ್ ನಾಲ್ಕು ಬಾರಿ ಟೂರ್ ಗೆದ್ದರೂ ಅವರ ಸವಾರಿಯನ್ನು ಯಾರೂ ಅಂದವೆನ್ನಲಿಲ್ಲ. ಹಾಗಾದರೆ ಸೊಬಗಿಗೂ ವೇಗಕ್ಕೂ ಸಂಬಂಧವೇ ಇಲ್ಲವೇ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: ಸಂಬಂಧವಿದೆ, ಆದರೆ ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ಕಟ್ಟುಪಾಡಿಲ್ಲ. 2013, 2015, 2016 ಮತ್ತು 2017ರಲ್ಲಿ ಗೆದ್ದ ಫ್ರೂಮ್ ಮೊಣಕೈಗಳನ್ನು ಹೊರಚಾಚಿ, ತಲೆಯನ್ನು ಹ್ಯಾಂಡಲಿನ ಕಡೆಗೆ ತಗ್ಗಿಸಿ ಬೆಟ್ಟ ಹತ್ತುತ್ತಿದ್ದರು. ಆದರೆ ಅವರ ಕಾಲುಗಳನ್ನು ಮಾತ್ರ ನೋಡಿದರೆ ತುಳಿತ ಚುರುಕಾಗಿಯೂ ಕ್ರಮಬದ್ಧವಾಗಿಯೂ ಇತ್ತು. ಮೇಲ್ಮೈಯ ಒರಟುತನ ಶಕ್ತಿಯನ್ನು ಅಷ್ಟಾಗಿ ಪೋಲು ಮಾಡದಿದ್ದರೆ ಗೆಲುವಿಗೆ ಅಡ್ಡಿಯಾಗುವುದಿಲ್ಲ.

ಇದಕ್ಕಿಂತ ಕುತೂಹಲದ ಸಂಗತಿಯೆಂದರೆ, ಅಂದದ ಬಗೆಗಿನ ನಮ್ಮ ಕಣ್ಣೇ ಕಾಲಕಾಲಕ್ಕೆ ಬದಲಾಗುತ್ತದೆ. ಐದು ಬಾರಿ ಟೂರ್ ಗೆದ್ದ ಜಾಕ್ ಆಂಕೆತಿಲ್ ಪಾದದ ತುದಿಯನ್ನು ಕೆಳಕ್ಕೆ ಚಾಚಿ ತುಳಿಯುತ್ತಿದ್ದರು. ತುಳಿತದ ಮೇಲಿನ ತುದಿಯಲ್ಲಿ ಹಿಮ್ಮಡಿಯನ್ನು ಇಳಿಸಬೇಕೆಂದು ಆಗಿನ ಶಿಕ್ಷಣ ಹೇಳುತ್ತಿದ್ದುದಕ್ಕೆ ಇದು ವಿರುದ್ಧ. ಆದರೂ ನಯವಾದ ಸವಾರಿಗೆ ಇಂದಿಗೂ ಅವರನ್ನೇ ಮಾದರಿಯಾಗಿ ತೋರಿಸುತ್ತಾರೆ. 1989ರ ಟೂರ್‌ನ ಕೊನೆಯ ದಿನ, ವೆರ್ಸಾಯ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಒಂಟಿ ಓಟದಲ್ಲಿ (ಇದರಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ಓಡುತ್ತಾರೆ) ಗ್ರೆಗ್ ಲೆಮಾಂಡ್ ಮುಂದಕ್ಕೆ ಚಾಚಿದ ಹೊಸ ಬಗೆಯ ಹ್ಯಾಂಡಲಿನ ಮೇಲೆ ಮೊಣಕೈ ಊರಿ, ಕೈಗಳನ್ನು ಜೋಡಿಸಿ ಸವಾರಿ ಮಾಡಿದರು. ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ 50 ಸೆಕೆಂಡು ಹಿಂದಿದ್ದ ಅವರು ಮೊದಲ ಸ್ಥಾನದಲ್ಲಿದ್ದ ಲೋರಾಂ ಫಿನ್ಯೋಂಗಿಂತ 8 ಸೆಕೆಂಡು ಮುಂದಾಗಿ ಇಡೀ ಟೂರ್ ಗೆದ್ದರು. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಸ್ಪರ್ಧೆಯಿಂದ ಬಂದ ಆ ಹ್ಯಾಂಡಲ್ ರಸ್ತೆ ಸ್ಪರ್ಧೆಯಲ್ಲಿ ಆಗ ಅಪರೂಪದ ನೋಟವಾಗಿತ್ತು. ಮುಂದೆ ಎರಡು ದಶಕಗಳಾಗುವ ಹೊತ್ತಿಗೆ ಫಾಬಿಯನ್ ಕಾನ್ಸೆಲಾರಾ ಅದೇ ಭಂಗಿಯಲ್ಲಿ ಕಲ್ಲಿನ ಪ್ರತಿಮೆಯಂತೆ ಅಲುಗದೆ ಕುಳಿತು ಒಂಟಿ ಓಟದಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದಾಗ ಅದಕ್ಕಿಂತ ಸುಂದರವಾದ ಸವಾರಿ ಇನ್ನೊಂದಿಲ್ಲವೆಂದು ನಮ್ಮಲ್ಲಿ ಅನೇಕರಿಗೆ ಅನ್ನಿಸಿತು. ಆ ಅನೇಕರಲ್ಲಿ ನಾನೂ ಒಬ್ಬ.

ಸ್ಥಿರತೆಯೇ ಸೊಬಗೆಂದು ಮೇಲೆ ಹೇಳಿದ್ದಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕು. ಕಲ್ಲು ಹಾಸಿದ ರಸ್ತೆಗಳ ಪ್ಯಾರಿಸ್–ರೂಬೆ ಸ್ಪರ್ಧೆಯನ್ನು 1972ರಿಂದ 1977ರ ನಡುವೆ ನಾಲ್ಕು ಬಾರಿ ಗೆದ್ದ ಬೆಲ್ಜಿಯಂನ ರೋಜರ್ ಡ ವ್ಲಾಮಿಂಕ್ ಸೈಕಲನ್ನು ಬಿಗಿಯಾಗಿ ಹಿಡಿದು ನಿಲ್ಲಿಸಲು ಹೋಗುತ್ತಿರಲಿಲ್ಲ. ಕೈಗಳನ್ನು ಸಡಿಲವಾಗಿಟ್ಟು, ಮೊಣಕೈ ಮೊಣಕಾಲುಗಳಲ್ಲಿ ಕಲ್ಲಿನ ಹೊಡೆತವನ್ನು ಹೀರಿಕೊಂಡು, ಸೈಕಲ್ ತನ್ನ ಕೆಳಗೆ ಕುಣಿಯಲು ಬಿಡುತ್ತಿದ್ದರು. ಕೆಸರುಗದ್ದೆಯ ಸೈಕ್ಲೊಕ್ರಾಸ್‌ನಲ್ಲಿಯೂ 1975ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರಿಗೆ ಆ ವಿದ್ಯೆ ಒಗ್ಗಿಹೋಗಿತ್ತು. ಕೆಸರು, ಟ್ರ್ಯಾಕ್, ರಸ್ತೆ ಮೂರರಲ್ಲಿಯೂ ವಿಶ್ವ ಪ್ರಶಸ್ತಿ ಗೆದ್ದ ನೆದರ್‌ಲೆಂಡ್ಸ್‌ನ ಮರಿಯಾನೆ ವೋಸ್ ಅವರ ಸವಾರಿಯಲ್ಲಿ ಅದೇ ಸಡಿಲತನವನ್ನು ಈಗಲೂ ಕಾಣಬಹುದು. ಅಂದಹಾಗೆ, ಹ್ಯಾಂಡಲಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು, ಒಂದು ಹನಿ ಚೆಲ್ಲದೆ ಓಣಿಯ ತಿರುವು ದಾಟುವ ನಮ್ಮೂರುಗಳ ಹಾಲಿನವರಲ್ಲಿ ಇದಕ್ಕೆ ಹತ್ತಿರವಾದ ಚೆಲುವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಪ್ರಶ್ನೆ: ನನಗೆ 16 ವರ್ಷ, ಬಾಗಲಕೋಟೆ ಜಿಲ್ಲೆಯವಳು. ಓಡಿಸುವಾಗ ನನ್ನ ಮೈ ಎಡಬಲಕ್ಕೆ ತೂಗುತ್ತದೆಂದು ಗೆಳತಿಯರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ತಂಗಿ, ಮೊದಲು ಸೀಟಿನ ಎತ್ತರವನ್ನು ನೋಡು. ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು, ಸೊಂಟ ಮಾತ್ರ ಜಾರಬಾರದು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಾನಾಗಿಯೇ ತುಸು ಬಾಗಿರುತ್ತದೆ. ಸೀಟು ಅತಿ ಎತ್ತರವಿದ್ದರೆ ಪೆಡಲನ್ನು ಮುಟ್ಟಲು ಸೊಂಟ ತೂಗಲೇಬೇಕಾಗುತ್ತದೆ; ಅತಿ ತಗ್ಗಾಗಿದ್ದರೆ ಮೊಣಕಾಲುಗಳು ಹೊರಕ್ಕೆ ಹೋಗುತ್ತವೆ. ನಿನ್ನ ಮೈ ತೂಗುವುದಕ್ಕೆ ಬಹುಶಃ ಇದೇ ಕಾರಣವಿರಬಹುದು. ಸೀಟು ಸರಿಯಾಗಿದ್ದೂ ಮೈ ತೂಗಿದರೆ ನೀನು ಗಡುಸಾದ ಗೇರಿನಲ್ಲಿ ಓಡಿಸುತ್ತಿರಬೇಕು. ವಾರದಲ್ಲಿ ಎರಡು ದಿನ ಹಗುರವಾದ ಗೇರ್ ಹಾಕಿ, ನಿಮಿಷಕ್ಕೆ 100 ಸುತ್ತಿನ ಹತ್ತಿರ ಕಾಲು ತಿರುಗಿಸು. ಸೀಟಿನ ಮೇಲೆ ಪುಟಿಯಲು ಶುರುವಾದೊಡನೆ ಒಂದಿಷ್ಟು ಇಳಿಸಿ, ಪುಟಿಯದೆ ಎಷ್ಟು ವೇಗ ಸಾಧ್ಯವೋ ಅಲ್ಲಿಯೇ ನಿಲ್ಲು. ಬೆರಳುಗಳು ಹ್ಯಾಂಡಲನ್ನು ಹಾರ್ಮೋನಿಯಂ ಮನೆಗಳನ್ನು ಮುಟ್ಟುವಷ್ಟು ಹಗುರವಾಗಿ ಹಿಡಿದಿರಲಿ. ನಿಮ್ಮ ತರಬೇತುದಾರರ ಬಳಿ ರೋಲರ್ (ಸೈಕಲಿನ ಗಾಲಿಗಳನ್ನಿಟ್ಟು ನಿಂತಲ್ಲೇ ಓಡಿಸುವ, ಉರುಳುವ ಕೊಳವೆಗಳ ಚೌಕಟ್ಟು) ಇದ್ದರೆ ಅವರು ಪಕ್ಕದಲ್ಲಿರುವಾಗ ಅದರ ಮೇಲೆ ದಿನಕ್ಕೆ 15 ನಿಮಿಷ ಓಡಿಸು. ಮೈ ತೂಗಿದರೆ ರೋಲರ್ ಮೇಲೆ ಸೈಕಲ್ ಕೂಡಲೇ ಪಕ್ಕಕ್ಕೆ ಸರಿಯುತ್ತದೆ, ಆದ್ದರಿಂದ ತಪ್ಪು ಆಗಿದ್ದು ಅದೇ ಕ್ಷಣದಲ್ಲಿ ನಿನಗೇ ತಿಳಿಯುತ್ತದೆ. ಎರಡು ತಿಂಗಳ ಅಭ್ಯಾಸದ ನಂತರ ಗೆಳತಿಯೊಬ್ಬಳಿಗೆ ಹೇಳಿ, ದೊಡ್ಡ ಏರಿನ ಕೊನೆಯ ಅರ್ಧ ಕಿ.ಮೀ.ಯಲ್ಲಿ ಮೊಬೈಲಿನಿಂದ ನಿನ್ನನ್ನು ಹಿಂದಿನಿಂದ ಚಿತ್ರೀಕರಿಸಲು ಕೇಳು. ದಣಿವಾಗದ ಮೊದಲ ಕಿ.ಮೀ.ಯ ಚಿತ್ರ ಬೇಡ. ಅಲ್ಲಿ ಎಲ್ಲರೂ ಅಂದವಾಗಿಯೇ ಕಾಣುತ್ತಾರೆ.