ಪೌಡರ್ ಕೋಟಿಂಗ್‌ಗೆ ಮಾಮೂಲಿ ಮಾಸ್ಕಿಂಗ್ ಟೇಪ್ ಯಾಕೆ ಆಗುವುದಿಲ್ಲ? ಯಾವುದು ಬಳಸಬೇಕು?

ಪೌಡರ್ ಕೋಟಿಂಗ್ ಅಂದರೆ ಲೋಹಕ್ಕೆ ಬಣ್ಣದ ಪುಡಿ ಸಿಂಪಡಿಸಿ ಓವನ್‌ನಲ್ಲಿ ಬಿಸಿ ಮಾಡುವುದು; ಬಣ್ಣ ಹತ್ತಬಾರದ ಜಾಗವನ್ನು ಮೊದಲೇ ಟೇಪ್ ಅಂಟಿಸಿ ಮುಚ್ಚುತ್ತಾರೆ. ತೊಂದರೆ ಇರುವುದು ಓವನ್‌ನಲ್ಲಿ. ಪೌಡರ್ ಕರಗಿ ಗಟ್ಟಿಯಾಗಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮಾಮೂಲಿ ಕಾಗದದ ಟೇಪಿನ ಅಂಟು ಅಷ್ಟು ಬಿಸಿಗೆ ಲೋಹಕ್ಕೇ ಮೆತ್ತಿಕೊಳ್ಳುತ್ತದೆ, ಕಾಗದ ಕಂದಿ ಹರಿಯುತ್ತದೆ. ಆಮೇಲೆ ಅದನ್ನು ಕೆರೆಯುವುದೇ ದೊಡ್ಡ ಕೆಲಸ, ಅಲ್ವಾ?

ಸಿಲಿಕೋನ್ ಅಂಟಿರುವ ಹಸಿರು ಪಾಲಿಯೆಸ್ಟರ್ ಟೇಪ್ ತೆಗೆದುಕೊಳ್ಳಿ. 200 ಡಿಗ್ರಿ ಬಿಸಿಯನ್ನು ಅದು ತಡೆಯುತ್ತದೆ. ಪಾಲಿಇಮೈಡ್ ಟೇಪ್ ಸುಮಾರು 260 ಡಿಗ್ರಿವರೆಗೂ ನಿಲ್ಲುತ್ತದೆ, ಆದರೆ ದುಬಾರಿ. ಅಷ್ಟು ಬಿಸಿ ಇಲ್ಲದಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ.

ಬೋಲ್ಟ್ ತೂತುಗಳಿಗೆ ಟೇಪ್‌ಗಿಂತ ಸಿಲಿಕೋನ್ ಬಿರಡೆಯೇ ಒಳ್ಳೆಯದು. ಟೇಪ್ ಅಂಟಿಸುವ ಮುಂಚೆ ಎಣ್ಣೆಪಸೆ ಪೂರ್ತಿ ಒರೆಸಿ, ಅಂಚನ್ನು ಗಟ್ಟಿಯಾಗಿ ಒತ್ತಿ. ಓವನ್‌ನಿಂದ ಬಂದ ಮೇಲೆ ಇನ್ನೂ ಬೆಚ್ಚಗಿರುವಾಗಲೇ, ಕೈಗವಸು ಹಾಕಿಕೊಂಡು ನಿಧಾನವಾಗಿ ಕಿತ್ತರೆ ಬಣ್ಣದ ಅಂಚು ನೀಟಾಗಿ ಉಳಿಯುತ್ತದೆ.